ಮೂರೇ ದನಿಯಲ್ಲಿ ಒಂದು ಹಾಡು: ಮೇಷ್ಟ್ರ ಪತ್ರಕ್ಕೆ ಉತ್ತರ

ಶಿವಮೊಗ್ಗದಿಂದ ನಿವೃತ್ತ ಸಂಗೀತ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಕಾಸು ಹಾಕಿ ಆಡುವ ಹಳೆಯ ಆರ್ಕೇಡ್ ವಿಡಿಯೋ ಗೇಮ್‌ಗಳ ಸಂಗೀತದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ಅವರಿಗೆ ಸರಿಬಂದಿಲ್ಲ. ಪತ್ರದ ತಿರುಳು ಇಷ್ಟು: 'ಮೊಮ್ಮಗ ಎರಡನ್ನೂ ಕೇಳಿಸಿದ. ಮೊದಲು ಪಾಪ್‌ಕಾರ್ನ್ ಎಂಬ ಟ್ಯೂನಿನ 1972ರ ರೆಕಾರ್ಡ್, ಆಮೇಲೆ ಅದೇ ಟ್ಯೂನ್ ಇರುವ ಪೆಂಗೋ ಆಟ. ಎರಡನೆಯದರಲ್ಲಿ ಮೂಳೆ ಮಾತ್ರ ಉಳಿದಿದೆ. ಯಾರದೋ ಟ್ಯೂನ್ ಕದ್ದು, ಟುಯ್ ಟುಯ್ ಅನ್ನಿಸಿ, ಹುಡುಗರ ಕಾಸು ನುಂಗುವ ಪೆಟ್ಟಿಗೆಗೆ ತುಂಬಿದರೆ ಅದು ಸಂಗೀತವೇ? ಅದರಲ್ಲಿ ಗಮಕವೂ ಇಲ್ಲ, ಜೀವವೂ ಇಲ್ಲ. ನಾನು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವನು. ಒಂದು ಟ್ಯೂನಿನ ಬೆಲೆ ನನಗೆ ಗೊತ್ತು.'

ಮೇಷ್ಟ್ರೇ, ಮೊದಲು ನಿಮಗೆ ನಮಸ್ಕಾರ. ಬೈಯುವ ಮೊದಲು ಎರಡನ್ನೂ ಕೇಳಿದಿರಿ. ಅಷ್ಟು ತಾಳ್ಮೆ ಈಗ ಅಪರೂಪ. ಹೆಚ್ಚಿನ ಪತ್ರಗಳು ಲೇಖನದ ತಲೆಬರಹ ನೋಡಿಯೇ ಬರುತ್ತವೆ.

ನಿಮ್ಮ ಒಂದು ಮಾತನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಟ್ಯೂನ್ ಕಟ್ಟಿದವರನ್ನು ಕೇಳಬೇಕು, ಅವರಿಗೆ ದುಡ್ಡು ಸಲ್ಲಬೇಕು. ಪೆಂಗೋ ಆಟದ ಮುಂದಿನ ಆವೃತ್ತಿಯಲ್ಲಿ ಪಾಪ್‌ಕಾರ್ನ್ ತೆಗೆದು ಬೇರೆ ಟ್ಯೂನ್ ಹಾಕಿದರು ಅನ್ನುವುದೂ ನಿಜ. ಹಕ್ಕಿನ ವಿಷಯದಲ್ಲಿ ನೀವು ಹೇಳಿದ್ದು ಸರಿ.

ಆದರೆ 'ಸಂಗೀತವೇ ಅಲ್ಲ' ಅಂದಿರಲ್ಲ, ಅದನ್ನು ಮಾತ್ರ ಬಿಡಲಾರೆ.

ನಿಮ್ಮ ಹಾರ್ಮೋನಿಯಂ ಮೇಲೇ ನುಡಿಸಿ ನೋಡಿ. ಪಾಪ್‌ಕಾರ್ನ್ ಶುರುವಾಗುವುದು ಹೀಗೆ: ಸ ನಿ ಸ ಪ ಗ ಪ ಸ. ಮೇಲಿನ ಷಡ್ಜದಿಂದ ಕೆಳಗಿನ ಷಡ್ಜಕ್ಕೆ ಇಳಿಯುತ್ತದೆ. ಗಾಂಧಾರ ಸಾಧಾರಣ, ನಿಷಾದ ಕೈಶಿಕಿ, ಅಂದರೆ ಎರಡೂ ತಗ್ಗಿನ ಸ್ವರಗಳು. ಯಾವ ಸ್ವರವನ್ನೂ ಎಳೆಯಬೇಡಿ. ಬೆರಳು ಇಟ್ಟ ಕೂಡಲೇ ತೆಗೆಯಿರಿ. ಬಾಣಲೆಯಲ್ಲಿ ಜೋಳದ ಕಾಳು ಸಿಡಿದ ಹಾಗೆ ಪ್ರತಿ ಸ್ವರವೂ ಟಪ್ ಅಂತ ಹುಟ್ಟಿ ಅಲ್ಲೇ ಮುಗಿಯಬೇಕು. ಟ್ಯೂನಿನ ಪ್ರಾಣ ಇರುವುದು ಆ ಚಿಕ್ಕತನದಲ್ಲೇ.

ಇದನ್ನು ಕಟ್ಟಿದವರು ಗರ್ಶನ್ ಕಿಂಗ್‌ಸ್ಲಿ. 1922ರಲ್ಲಿ ಜರ್ಮನಿಯ ಬೋಕುಮ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲದಲ್ಲಿ, ಇನ್ನೂ ಹದಿಹರೆಯದಲ್ಲೇ, ದೇಶ ಬಿಟ್ಟು ಪ್ಯಾಲೆಸ್ಟೈನ್‌ಗೆ ಹೋದರು. ಅಲ್ಲಿಂದ ಅಮೆರಿಕ. 1969ರಲ್ಲಿ ಮೂಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಮೇಲೆ ಪಾಪ್‌ಕಾರ್ನ್ ಮಾಡಿದರು. ಆಗ ಅದು ಅಷ್ಟೇನೂ ಓಡಲಿಲ್ಲ. ಮೂಗ್ ವಾದ್ಯಗಳದ್ದೇ ಒಂದು ತಂಡ ಕಟ್ಟಿ 1970ರಲ್ಲಿ ಕಾರ್ನೆಗಿ ಹಾಲ್‌ನಲ್ಲೂ ನುಡಿಸಿದರು. ಆ ತಂಡದಲ್ಲಿದ್ದ ಸ್ಟ್ಯಾನ್ ಫ್ರೀ ಮುಂದೆ ಹಾಟ್ ಬಟರ್ ಎಂಬ ಹೆಸರಿನಲ್ಲಿ ಅದೇ ಟ್ಯೂನನ್ನು ಮತ್ತೆ ನುಡಿಸಿದರು. 1972ರಲ್ಲಿ ಯುರೋಪಿನ ಊರೂರಲ್ಲೂ ಅದೇ ಹಾಡು. ನಿಮ್ಮ ಮೊಮ್ಮಗ ಕೇಳಿಸಿದ್ದು ಇದನ್ನೇ.

ಈಗ ಹೇಳಿ. ನೀವು 'ಅಸಲಿ' ಅಂದುಕೊಂಡು ಕೇಳಿದ್ದೇ ಇನ್ನೊಬ್ಬರು ಮತ್ತೆ ನುಡಿಸಿದ್ದು ಅಲ್ವಾ? ಅದನ್ನು ಕದ್ದದ್ದು ಅನ್ನಲಿಲ್ಲ ನೀವು. ಕಿವಿಗೆ ತುಂಬಿದಂತೆ ಕೇಳಿತು, ಒಪ್ಪಿಕೊಂಡಿರಿ. 1982ರ ಪೆಂಗೋ ಮೇಲೆ ಮಾತ್ರ ಸಿಟ್ಟು, ಅದರ ದನಿ ತೆಳು ಅಂತ.

ಆ ತೆಳು ದನಿ ಎಲ್ಲಿಂದ ಬಂತು ನೋಡಿ. ಆ ಕಾಲದ ಪೆಟ್ಟಿಗೆಗಳಲ್ಲಿ ಹಾಡಿನ ರೆಕಾರ್ಡಿಂಗ್ ಇಡಲು ಜಾಗ ಇರಲಿಲ್ಲ. ಸ್ವರಗಳ ಪಟ್ಟಿಯನ್ನು ಅಂಕಿಗಳಲ್ಲಿ ಬರೆದು ಚಿಪ್‌ಗೆ ಕೊಡಬೇಕು, ಚಿಪ್ ಆ ಕ್ಷಣಕ್ಕೆ ನುಡಿಸಬೇಕು. ಪೆಂಗೋಗೆ ಸಿಕ್ಕಿದ್ದು ಮೂರು ದನಿ, ಅಂದರೆ ಒಂದು ಸಲಕ್ಕೆ ಮೂರೇ ಸ್ವರ. ಆಗ ತುಂಬಾ ಬಳಕೆಯಲ್ಲಿದ್ದ ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿಯ ಎವೈ-3-8910 ಚಿಪ್‌ನಲ್ಲೂ ಮೂರೇ ದನಿ. ಜೊತೆಗೆ ತಾಳಕ್ಕೆ ಆಗುವಂಥ ಒಂದು 'ಸ್ಸ್' ಸದ್ದು. ಸದ್ದು ಜೋರು ಮಾಡಲು, ಕಡಿಮೆ ಮಾಡಲು 16 ಮೆಟ್ಟಿಲು. ಮುಗಿಯಿತು.

ಮೂರರಲ್ಲಿ ಒಂದು ಟ್ಯೂನಿಗೆ, ಒಂದು ಕೆಳಸ್ವರಗಳ ಬೇಸ್‌ಗೆ ಕೊಟ್ಟರೆ ಉಳಿದದ್ದು ಒಂದು. ಇಡೀ ಸ್ವರಮೇಳ ಬೇಕೆಂದರೆ ಆ ಒಂದೇ ದನಿಯಲ್ಲಿ ಮೂರು ಸ್ವರಗಳನ್ನು ಸರಸರನೆ ಬದಲಾಯಿಸಿ ಕಿವಿಯನ್ನು ನಂಬಿಸಬೇಕು. ಸಾಲದ್ದಕ್ಕೆ ಆಟದ ಸದ್ದುಗಳೂ ಇವೆ. ಮಂಜುಗಡ್ಡೆ ತಳ್ಳಿದ್ದು, ಅದು ಒಡೆದದ್ದು, ಪೆಂಗ್ವಿನ್ ಸತ್ತದ್ದು ಎಲ್ಲಕ್ಕೂ ಸದ್ದು ಬೇಕು. ಅಂಥ ಸದ್ದಿಗೆ ಒಂದು ದನಿ ಹೋದರೆ ಹಾಡು ಉಳಿದ ದನಿಗಳ ಮೇಲೆ ನಿಲ್ಲಬೇಕು. ಯಾವ ಸ್ವರವನ್ನು ಬಿಟ್ಟರೆ ಹಾಡು ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಬಿದ್ದುಹೋಗುತ್ತದೆ ಅನ್ನುವುದು ಗೊತ್ತಿಲ್ಲದವರಿಗೆ ಈ ಕೆಲಸ ಆಗುವುದಿಲ್ಲ. ಇದು ಸಂಗೀತಗಾರರ ಕೆಲಸ. ನೀವು 'ಮೂಳೆ ಮಾತ್ರ' ಅಂದಿರಿ. ಸರಿಯಾದ ಮೂಳೆಗಳನ್ನೇ ಆರಿಸಿದ್ದರಿಂದ ನಿಮಗೆ ಮೊದಲ ಸಲಕ್ಕೇ ಹಾಡಿನ ಗುರುತು ಸಿಕ್ಕಿತು.

ಆಟ ಮಾಡಿದವರು ಎಲೆಕ್ಟ್ರಾನಿಕ್ ಸಂಗೀತವನ್ನೇ ಆರಿಸಿದ್ದು ಸುಮ್ನೆ ಅಲ್ಲ. ಎಳೆದು ಬಾಗಿಸಿ ಹಾಡುವ ಹಾಡನ್ನು ಆ ಚಿಪ್‌ಗೆ ಕೊಟ್ಟರೆ ಕೆಡುತ್ತಿತ್ತು. ಸಿಂಥಸೈಜರ್ ಟ್ಯೂನುಗಳು ಮೊದಲೇ ತುಂಡು ತುಂಡು ಸ್ವರಗಳಲ್ಲಿ, ಗಡಿಯಾರದ ಲಯದಲ್ಲಿ ಹುಟ್ಟಿದವು. ಯಂತ್ರದಲ್ಲಿ ಹುಟ್ಟಿದ ಹಾಡು ಇನ್ನೊಂದು ಯಂತ್ರಕ್ಕೆ ಹೋಯಿತು. ಆರಿಸಿದವರ ಕಿವಿ ಸೂಕ್ಷ್ಮ ಇತ್ತು.

ಇದಕ್ಕಿಂತ ಒಳ್ಳೆಯ ಉದಾಹರಣೆ ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಎಂಬ ಮೂವರ ಎಲೆಕ್ಟ್ರಾನಿಕ್ ಸಂಗೀತ ತಂಡ. ಹರುಒಮಿ ಹೊಸೊನೊ, ಯುಕಿಹಿರೊ ತಕಹಾಶಿ, ರ‍್ಯುಇಚಿ ಸಕಮೊಟೊ. (ಹೊಸೊನೊ ನಮ್ಮ ದೇಶ ಸುತ್ತಿ ಹೋದವರು. ಆ ಪ್ರವಾಸದ ಗುಂಗಿನಲ್ಲಿ 1978ರಲ್ಲಿ ಕೊಚ್ಚಿಯ ಹೆಸರಿಟ್ಟು ಒಂದು ಆಲ್ಬಮ್ ಮಾಡಿದರು.) ಅದೇ ವರ್ಷ ಟೈಟೋ ಕಂಪನಿಯ ಸ್ಪೇಸ್ ಇನ್‌ವೇಡರ್ಸ್ ಆಟ ಜಪಾನನ್ನೆಲ್ಲ ಹಿಡಿದಿತ್ತು. ನಾಲ್ಕೇ ಸ್ವರ ಕೆಳಗಿಳಿಯುತ್ತಾ, ಶತ್ರುಗಳು ಹತ್ತಿರ ಬಂದಂತೆ ವೇಗವಾಗುತ್ತಾ ಹೋಗುವ ಆಟ. ಈ ಮೂವರು ತಮ್ಮ ಮೊದಲ ಆಲ್ಬಮ್ಮನ್ನು ಆರ್ಕೇಡ್ ಆಟಗಳ ಸದ್ದಿನಿಂದಲೇ ಶುರು ಮಾಡಿದರು. ಅಂದರೆ ಸಂಗೀತಗಾರರೇ ಮೊದಲು ಆಟದ ಪೆಟ್ಟಿಗೆಯಿಂದ ತೆಗೆದುಕೊಂಡದ್ದು! 1979ರಲ್ಲಿ ತಕಹಾಶಿಯವರ ರೈಡೀನ್ ಎಂಬ ಟ್ಯೂನ್ ಬಂತು. 1982ರಲ್ಲಿ ಸೇಗಾ ಕಂಪನಿ ಸೂಪರ್ ಲೋಕೋಮೋಟಿವ್ ಎಂಬ ರೈಲಿನ ಆಟಕ್ಕೆ ಅದೇ ರೈಡೀನ್ ಹಾಕಿತು. ಆ ಟ್ಯೂನಿನ ಬೇಸ್ ನಾಗಾಲೋಟದ್ದು. ಉಗಿಬಂಡಿ ಓಡಿಸುವ ಹುಡುಗನ ಕೈಗೆ ಅದಕ್ಕಿಂತ ಸರಿಯಾದ ಲಯ ಇನ್ನೊಂದು ಸಿಗುತ್ತಿರಲಿಲ್ಲ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1984ರಲ್ಲಿ ಹೊಸೊನೊ ತಾವೇ ಮುಂದೆ ನಿಂತು ನಾಮ್ಕೋ ಕಂಪನಿಯ ಆಟಗಳ ಸಂಗೀತವನ್ನು ಆಲ್ಬಮ್ ಮಾಡಿ ಹೊರತಂದರು. ಅಷ್ಟು ದೊಡ್ಡ ಸಂಗೀತಗಾರರಿಗೆ ಆ ಟುಯ್ ಟುಯ್ ಕೀಳು ಅನ್ನಿಸಲಿಲ್ಲ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಎರಡೂ ಕಡೆಯಿಂದ ನಡೆಯಿತು.

ಕೊನಾಮಿಯ 1983ರ ಗೈರಸ್ ಆಟವನ್ನೂ ಮೊಮ್ಮಗನಿಗೆ ಕೇಳಿಸಲು ಹೇಳಿ. ಅದರಲ್ಲಿರುವುದು ಯುರೋಪಿನ ಹಳೆಯ ಸಂಗೀತಗಾರ ಬಾಖ್‌ನ ಟೊಕಾಟಾ ಎಂಬ ಕೃತಿ. ಆರ್ಗನ್‌ನಲ್ಲಿ ನುಡಿಸುವ ಹಾಗಲ್ಲ, ಸ್ಕೈ ಎಂಬ ಇಂಗ್ಲಿಷ್ ತಂಡ 1980ರಲ್ಲಿ ರಾಕ್ ಧಾಟಿಯಲ್ಲಿ ನುಡಿಸಿದ ಹಾಗೆ. ಅದಕ್ಕಾಗಿ ಐದು ಎವೈ ಚಿಪ್ ಕೂರಿಸಿದ್ದರು. ಅಂದರೆ 15 ದನಿ. ಕಾಸು ನುಂಗುವುದಷ್ಟೇ ಗುರಿಯಾಗಿದ್ದರೆ ಯಾವ ಕಂಪನಿ ಇಷ್ಟು ಖರ್ಚು ಮಾಡುತ್ತಿತ್ತು?

ನನಗೆ ಪಾಪ್‌ಕಾರ್ನ್ ಪರಿಚಯ ಆದದ್ದು ಇನ್ನೂ ಬಡ ದನಿಯಲ್ಲಿ. ಕಾಲೇಜಿನ ದಿನಗಳಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಸರ್ ಆಚೆ ಹೋದರೆ ಸಾಕು, ಎಲ್ಲರೂ ಡಿಗ್ಗರ್ ಆಟ ಹಾಕುತ್ತಿದ್ದೆವು. ಕೆನಡಾದ ವಿಂಡ್‌ಮಿಲ್ ಕಂಪನಿ 1983ರಲ್ಲಿ ಮಾಡಿದ್ದು. ಪಿಸಿಯ ಸ್ಪೀಕರಿಗೆ ಒಂದು ಸಲಕ್ಕೆ ಒಂದೇ ಸ್ವರ. ಆ ಒಂದೇ ದನಿಯಲ್ಲಿ ಪಾಪ್‌ಕಾರ್ನ್ ಓಡುತ್ತಿತ್ತು, ಸತ್ತರೆ ಶೋಪಾನ್‌ನ ಶವಯಾತ್ರೆಯ ಟ್ಯೂನ್. ಕಿಂಗ್‌ಸ್ಲಿ ಯಾರು, ಶೋಪಾನ್ ಯಾರು, ನಮಗೆ ಯಾರೂ ಹೇಳಿರಲಿಲ್ಲ. ಆದರೂ ಕ್ಲಾಸಿನಿಂದ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಗುನುಗುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ ಮೂಗ್ ರೆಕಾರ್ಡ್ ಕೇಳಿದಾಗ ಹಳೇ ಸ್ನೇಹಿತ ಸಿಕ್ಕಷ್ಟು ಖುಷಿಯಾಯಿತು. ಒಂದು ಹಾಡು ಒಂದೇ ದನಿಗೆ ಇಳಿದರೂ ನನ್ನವರೆಗೆ ಬಂತಲ್ಲ, ಅದನ್ನು ತಲುಪಿಸಿದವರಿಗೆ ನಾನು ಋಣಿ.

ಗಮಕ ಇಲ್ಲ ಅಂದಿರಿ. ಮೇಷ್ಟ್ರೇ, ಈ ಮಾತು ನಿಮ್ಮ ಬಾಯಲ್ಲಿ ಬರಬಾರದಿತ್ತು. ನಿಮ್ಮ ಹಾರ್ಮೋನಿಯಮ್ಮನ್ನೇ ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ, ಸ್ವರಗಳು ಬಿಗಿ ಅಂತ. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಮೂವತ್ತು ವರ್ಷ ಒಂದು ವಾದ್ಯವನ್ನು ಹೊಸಿಲಾಚೆ ನಿಲ್ಲಿಸಿದ ಮಾತನ್ನೇ ನೀವು ಇನ್ನೊಂದು ಪೆಟ್ಟಿಗೆಗೆ ಹೇಳುತ್ತಿದ್ದೀರಿ. ಕದ್ದದ್ದು ಅನ್ನುವುದಾದರೆ, ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡ್ ಟ್ಯೂನುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರ ಮಾಡಿದರಲ್ಲ, ಅದಕ್ಕೇನು ಹೇಳೋಣ? ನಿಮ್ಮ ನಾಟಕ ಕಂಪನಿಗಳ ಹಾಡುಗಳಲ್ಲಿ ಮರಾಠಿ ಮಟ್ಟುಗಳು ಎಷ್ಟಿದ್ದವು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಡು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿಯೇ ಬದುಕುವುದು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಹಾಡನ್ನು ಹಾಗೆ ಹೊತ್ತು ತಂದವರ ಹೆಸರು ಎಲ್ಲೂ ಉಳಿಯುವುದಿಲ್ಲ. ಆ ಕಾಲದ ಹೆಚ್ಚಿನ ಆರ್ಕೇಡ್ ಯಂತ್ರಗಳ ತೆರೆಯ ಮೇಲೆ ಕಂಪನಿ ಹೆಸರು, ಇಸವಿ, ಅಷ್ಟೇ. ಕೂತು ಸ್ವರ ಜೋಡಿಸಿದವರು ಯಾರು? ಜಪಾನಿನಲ್ಲಿ ಎಷ್ಟೋ ಜನ ಅಡ್ಡಹೆಸರಿನ ಹಿಂದೆ ಇರಬೇಕಾಯಿತು. ಅಮೆರಿಕದಲ್ಲೂ ಅದೇ ಕಥೆ. 1979ರಲ್ಲಿ ಅಟಾರಿ ಎಂಬ ವಿಡಿಯೋ ಗೇಮ್ ಕಂಪನಿಯ ನಾಲ್ವರು ಪ್ರೋಗ್ರಾಮರ್‌ಗಳು ಹೆಸರೂ ಇಲ್ಲ, ತಕ್ಕ ದುಡ್ಡೂ ಇಲ್ಲ ಅಂತ ಬೇಸತ್ತು ಹೊರಬಂದರು, ಆಕ್ಟಿವಿಷನ್ ಎಂಬ ಬೇರೆ ಕಂಪನಿ ಕಟ್ಟಿದರು. ಅದೇ ಅಟಾರಿಯಲ್ಲಿದ್ದ ವಾರನ್ ರಾಬಿನೆಟ್ ತಾವು ಮಾಡಿದ ಆಟದೊಳಗೆ ಒಂದು ಗುಟ್ಟಿನ ಕೋಣೆ ಮಾಡಿ ಅಲ್ಲಿ ಹೆಸರು ಬರೆದಿಟ್ಟರು. ಮಾಡಿದ ಕೆಲಸಕ್ಕೆ ಹೆಸರು ಹಾಕಿಕೊಳ್ಳಲು ಕಳ್ಳನಂತೆ ನಡೆದುಕೊಳ್ಳಬೇಕಾಯಿತು ಅಂದರೆ ಅದು ಎಂಥ ಅನ್ಯಾಯ!

ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿದೆಯೇ? ಇಳಯರಾಜ ಅವರು ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದರು. ಮುಂದೆ ದೊಡ್ಡವರಾದರು, ಹಾಗಾಗಿ ನಮಗೆ ಇವತ್ತು ಗೊತ್ತು. ದೊಡ್ಡವರಾಗದೆ ಉಳಿದವರು? ಹಾಡಿನ ನಡುವೆ ಬರುವ ಆ ಕೊಳಲು, ಆ ಪಿಟೀಲು, ಆ ತಬಲಾ ನುಡಿಸಿದವರು? ಹಳೇ ಕ್ಯಾಸೆಟ್ ಹೊದಿಕೆ ತೆಗೆದು ನೋಡಿ. ಸಂಗೀತ ನಿರ್ದೇಶಕರು, ಸಾಹಿತ್ಯ, ಗಾಯಕರು. ಅಲ್ಲಿಗೆ ಮುಗಿಯಿತು. ಈಗಿನ ಮೊಬೈಲ್ ಆ್ಯಪ್‌ಗಳಲ್ಲಿ ಎಷ್ಟೋ ಹಾಡುಗಳಿಗೆ ಸಾಹಿತ್ಯ ಬರೆದವರ ಹೆಸರೂ ಕಾಣುವುದಿಲ್ಲ. ಸ್ವರಲಿಪಿ ಬರೆದು, ವಾದ್ಯಗಳಿಗೆ ಪಾಲು ಹಂಚಿ ಕೊಟ್ಟವರ ಮಾತಂತೂ ದೂರವೇ ಉಳಿಯಿತು. ಪೆಂಗೋಗೆ ಸ್ವರ ಜೋಡಿಸಿದವರೂ ಇದೇ ಸಾಲಿನಲ್ಲಿ ನಿಂತವರು. ಅವರನ್ನು ಕಳ್ಳರು ಅನ್ನುವಾಗ ನನಗೆ ನೋವಾಗುವುದು ಇದಕ್ಕೇ.

ನಿಮ್ಮ ಪತ್ರದ ಕೊನೆಯಲ್ಲಿ ನಾಟಕ ಕಂಪನಿಯ ದಿನಗಳ ಬಗ್ಗೆ ಎರಡು ಸಾಲು ಬರೆದಿದ್ದೀರಿ. ನಿಮ್ಮ ಪಕ್ಕದಲ್ಲಿ ಕೂತು ತಬಲಾ ನುಡಿಸುತ್ತಿದ್ದವರ ಕೈ ಎಷ್ಟು ಚೆನ್ನಾಗಿತ್ತು ಅಂತ ಹೊಗಳಿದ್ದೀರಿ. ಹೆಸರು ಬರೆದಿಲ್ಲ. ಆ ಹೆಸರು, ಪಿಟೀಲಿನವರದ್ದು, ಕ್ಲಾರಿಯೋನೆಟ್‌ನವರದ್ದು, ಹೊಸ ಮಟ್ಟು ತಂದು ನಿಮಗೆಲ್ಲ ಕಲಿಸಿದವರದ್ದು, ನೆನಪಿದ್ದಷ್ಟನ್ನೂ ಬರೆದು ಕಳಿಸಿ. ಯಾವ ಹಾಡಿಗೆ ಏನು ಮಾಡಿದರು ಅಂತಲೂ ಬರೆಯಿರಿ. ಎಷ್ಟು ಪುಟ ಆದರೂ ಚಿಂತೆಯಿಲ್ಲ, ಜಾಗ ಮಾಡುತ್ತೇನೆ.

— ಸಂಪಾದಕ