ಟಾಮ್ ಥಾಮ್ಸನ್‌ಗೆ ಹೆಸರು ಬಂದದ್ದು ಸಾವಿನಿಂದಲೋ, ಚಿತ್ರಗಳಿಂದಲೋ?

ನೀವು ಕೇಳಿದ್ದು ಇಷ್ಟು: ಕೆನಡಾದಲ್ಲಿ ಎಲ್ಲರ ಬಾಯಲ್ಲೂ ಚಿತ್ರಕಾರ ಟಾಮ್ ಥಾಮ್ಸನ್ ಹೆಸರು, ಆದರೆ ಓದೋಕೆ ಹೋದರೆ ಸಿಗುವುದೆಲ್ಲ ಅವನು ಕೆರೆಯಲ್ಲಿ ಸತ್ತ ಕಥೆ, ಚಿತ್ರಗಳಲ್ಲಿ ನಿಜಕ್ಕೂ ಏನಾದರೂ ಇದೆಯಾ ಅಂತ.

ಇದೆ. ತುಂಬಾ ಇದೆ. ನಾನು ಟೊರೊಂಟೊ ಹತ್ತಿರ ಇರುವವನು, ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊಗೆ ಹೋದಾಗಲೆಲ್ಲ ಮೊದಲು ಹೋಗಿ ನಿಲ್ಲುವುದು ಅವನ ಚಿತ್ರಗಳ ಮುಂದೆಯೇ.

ಸಾವಿನ ವಿಷಯ ಮೊದಲು ಮುಗಿಸಿಬಿಡ್ತೀನಿ. 1917ರ ಜುಲೈ 8ರಂದು ಒಂಟಾರಿಯೊದ ಆಲ್ಗಾನ್ಕ್ವಿನ್ ಪಾರ್ಕ್ ಅನ್ನೋ ದೊಡ್ಡ ಕಾಡಿನ ಕನೂ ಲೇಕ್‌ನಲ್ಲಿ ಒಬ್ಬನೇ ದೋಣಿ ಹತ್ತಿ ಹೋದ. ಎಂಟು ದಿನ ಆದಮೇಲೆ ಹೆಣ ಸಿಕ್ಕಿತು. ವಯಸ್ಸು 39. ಮುಳುಗಿ ಸತ್ತ ಅಂತ ತೀರ್ಮಾನ ಆಯಿತು, ಕೊಲೆ ಅನ್ನುವವರು ಇವತ್ತಿಗೂ ಇದ್ದಾರೆ. ನೂರು ವರ್ಷದಿಂದ ಇದನ್ನೇ ಕೆದಕುತ್ತಾ ಚಿತ್ರಗಳನ್ನು ಮೂಲೆಗೆ ತಳ್ಳಿದ್ದಾರಲ್ಲ, ಅದು ನನಗೆ ಬೇಸರ.

ಎಲ್ಲರೂ ತೋರಿಸುವುದು ದೊಡ್ಡ ಕ್ಯಾನ್ವಾಸ್‌ಗಳನ್ನು. ನೀವು ಅಲ್ಲಿಂದ ಶುರು ಮಾಡಬೇಡಿ. ಅವನ ಸಣ್ಣ ಹಲಗೆಗಳನ್ನು ನೋಡಿ. ಹೆಚ್ಚುಕಡಿಮೆ 21 ಸೆಂ.ಮೀ. ಎತ್ತರ, 26 ಸೆಂ.ಮೀ. ಅಗಲ, ಶಾಲೆಯ ನೋಟ್‌ಬುಕ್‌ಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಇವನ್ನು ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡು ದೋಣಿಯಲ್ಲಿ ಹೋಗಿ, ದಡದಲ್ಲಿ ಕೂತು, ಬೆಳಕು ಬದಲಾಗುವುದರೊಳಗೆ ಎಣ್ಣೆಬಣ್ಣದಲ್ಲಿ ಮುಗಿಸುತ್ತಿದ್ದ. ಇಂಥವು ಸುಮಾರು 400 ಇವೆ. ಪಾರ್ಕಿಗೆ ಅವನು ಮೊದಲು ಹೋಗಿದ್ದೇ 1912ರಲ್ಲಿ ಅನ್ನೋದು ನೆನಪಿರಲಿ, ಅಂದರೆ ಹೆಚ್ಚುಕಡಿಮೆ ಎಲ್ಲವೂ ಐದೇ ವರ್ಷದ ಕೆಲಸ.

ಹಿಮ ಕರಗುವ ಕಾಲದ್ದು ಒಂದು ಹಲಗೆ ಹುಡುಕಿ, ಹತ್ತಿರ ಹೋಗಿ ನೋಡಿ. ಒಂದು ಮರದ ಕಾಂಡ ಅಂದರೆ ಒಂದೇ ಎಳೆತ, ಬ್ರಷ್ಷಿನ ಕೂದಲು ಎಳೆದ ಗೀರುಗಳು ಬಣ್ಣದಲ್ಲಿ ಇನ್ನೂ ಹಾಗೇ ಇವೆ. ಎರಡು ಎಳೆತದ ಮಧ್ಯೆ ಬರೀ ಹಲಗೆ ಕಾಣುತ್ತದೆ, ಆ ಕಂದುಬಣ್ಣವೇ ಒದ್ದೆ ನೆಲ ಆಗಿಬಿಟ್ಟಿದೆ. ಹಿಮ ಬಿಳಿ ಇಲ್ಲವೇ ಇಲ್ಲ. ಬಿಸಿಲು ಬಿದ್ದಲ್ಲಿ ತೆಳು ಹಳದಿ, ಗುಲಾಬಿ, ನೆರಳಲ್ಲಿ ನೀಲಿ, ನೇರಳೆ. ಇಲ್ಲಿಗೆ ಬಂದ ಮೊದಲ ಮಾರ್ಚ್‌ನಲ್ಲಿ ಬೋಳು ಮರ, ಕೊಳಕು ಹಿಮ ನೋಡಿ ನನಗೆ ಮನಸ್ಸು ಕುಗ್ಗಿಹೋಗಿತ್ತು. ಈ ಹಲಗೆಗಳನ್ನು ನೋಡಿ ಹೊರಗೆ ಬಂದ ದಿನ ರಸ್ತೆ ಬದಿಯ ಹಿಮದಲ್ಲೇ ಆ ನೀಲಿ ನೆರಳು ಕಂಡಿತು. ಅದು ಮೊದಲೂ ಅಲ್ಲೇ ಇತ್ತು, ನಾನು ನೋಡಿರಲಿಲ್ಲ.

ಕಲಿತದ್ದು ಎಲ್ಲಿ ಅಂದರೆ, ಬಹುಪಾಲು ಕೆಲಸದ ಜಾಗದಲ್ಲೇ. ಟೊರೊಂಟೊದ ಗ್ರಿಪ್ ಅನ್ನೋ ಕಂಪನಿಯಲ್ಲಿ ಜಾಹೀರಾತಿಗೆ ಡಿಸೈನ್, ಅಕ್ಷರ ಬಿಡಿಸುತ್ತಿದ್ದ. ಆ ಕೈ ಚಿತ್ರದಲ್ಲಿ ಗೊತ್ತಾಗುತ್ತದೆ. ‘ನಾರ್ದರ್ನ್ ರಿವರ್’ನಲ್ಲಿ ಮುಂದಿನ ಕಪ್ಪು ಮರಗಳು ಜಾಲರಿಯ ಹಾಗೆ ನಿಂತಿವೆ, ಹಿಂದೆ ಹೊಳೆ ತಿರುಗಿಕೊಂಡು ಹೋಗುತ್ತದೆ. 1915ರಲ್ಲಿ ಒಟ್ಟಾವಾದ ನ್ಯಾಷನಲ್ ಗ್ಯಾಲರಿ ಅದನ್ನು 500 ಡಾಲರ್‌ಗೆ ಕೊಂಡಿತು. ಅಂದರೆ ಬದುಕಿದ್ದಾಗಲೇ ಅವನಿಗೆ ಬೆಲೆ ಸಿಕ್ಕಿತ್ತು, ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ ಅಲ್ವಾ? ಅದಕ್ಕೂ ಮೊದಲೇ ಡಾ. ಜೇಮ್ಸ್ ಮ್ಯಾಕ್‌ಕಲಮ್ ಅನ್ನೋ ಕಣ್ಣಿನ ಡಾಕ್ಟರು, ಒಂದು ವರ್ಷದ ಖರ್ಚು ನಾನು ನೋಡ್ಕೋತೀನಿ, ನೀನು ಚಿತ್ರ ಬರಿ ಅಂದಿದ್ದರು.

ಇನ್ನು ‘ದಿ ಜ್ಯಾಕ್ ಪೈನ್’. 1916ರಲ್ಲಿ ಅದೇ ಪಾರ್ಕಿನ ಗ್ರ್ಯಾಂಡ್ ಲೇಕ್ ದಡದಲ್ಲಿ ಸಣ್ಣ ಹಲಗೆ ಬರೆದ, ಚಳಿಗಾಲದಲ್ಲಿ ಟೊರೊಂಟೊಗೆ ಬಂದು ಅದನ್ನೇ ದೊಡ್ಡದು ಮಾಡಿದ. ದೊಡ್ಡದರಲ್ಲಿ ಆಕಾಶ, ನೀರು ಎರಡೂ ಅಡ್ಡಡ್ಡ ದಪ್ಪ ಪಟ್ಟೆ, ಅದರ ಮೇಲೆ ಸೊಟ್ಟಗೆ ಕೊಂಬೆ ಇಳಿಬಿಟ್ಟ ಮರ. ಮರದ ಅಂಚಿನಲ್ಲಿ ಅಡಿಗೆ ಬಳಿದ ಕೆಂಪು ಅಲ್ಲಲ್ಲಿ ಇಣುಕುತ್ತದೆ. ಪ್ರಿಂಟ್‌ನಲ್ಲಿ ಅದು ಸರಿಯಾಗಿ ಕಾಣಲ್ಲ, ಒಟ್ಟಾವಾಗೇ ಹೋಗಿ ನೋಡಬೇಕು.

ಒಂದು ಮಾತಿಗೆ ನನ್ನ ತಕರಾರಿದೆ. ಇವನನ್ನು ‘ಮನುಷ್ಯರ ಕೈ ತಾಗದ ಕಾಡಿನ ಚಿತ್ರಕಾರ’ ಅಂತಾರೆ. ಕೈ ತಾಗದ ಕಾಡು ಅದಲ್ಲ. ಮರ ಕಡಿದು, ಹೊಳೆಗೆ ಕಟ್ಟೆ ಕಟ್ಟಿ ದಿಮ್ಮಿ ತೇಲಿಬಿಡುತ್ತಿದ್ದ ಜಾಗ. ಆಲ್ಗಾನ್ಕ್ವಿನ್ ಅನ್ನೋ ಮೂಲನಿವಾಸಿ ಜನ ತಲೆಮಾರುಗಳಿಂದ ಬಾಳಿದ ನೆಲ. ಥಾಮ್ಸನ್ ಆ ಕಟ್ಟೆಗಳನ್ನು, ದಿಮ್ಮಿಗಳನ್ನು ಮುಚ್ಚಿಡದೆ ಬರೆದಿದ್ದಾನೆ. ಆ ಜನ ಮಾತ್ರ ಅವನ ಚಿತ್ರಗಳಲ್ಲಿ ಇಲ್ಲ ಅನ್ನೋದನ್ನೂ ಹೇಳಬೇಕು. ಹಾಗೇ, ಗ್ರೂಪ್ ಆಫ್ ಸೆವೆನ್ ಅನ್ನೋ ಕೆನಡಾದ ಚಿತ್ರಕಾರರ ಗುಂಪಿನಲ್ಲಿ ಇವನನ್ನು ಸುಮಾರು ಜನ ಸೇರಿಸಿಬಿಡ್ತಾರೆ. ಆ ಗುಂಪು ಶುರುವಾದದ್ದು 1920ರಲ್ಲಿ, ಇವನು ಹೋಗಿ ಮೂರು ವರ್ಷ ಆಗಿತ್ತು.

ಸಮಯ ಇದ್ದರೆ ಟೊರೊಂಟೊ ಹತ್ತಿರದ ಕ್ಲೈನ್‌ಬರ್ಗ್‌ನ ಮೆಕ್‌ಮೈಕಲ್ ಮ್ಯೂಸಿಯಂಗೂ ಹೋಗಿ. ಟೊರೊಂಟೊದಲ್ಲಿ ತಿಂಗಳಿಗೆ ಒಂದು ಡಾಲರ್ ಬಾಡಿಗೆ ಕೊಟ್ಟು ಚಳಿಗಾಲ ಕಳೆಯುತ್ತಿದ್ದ ಅವನ ಮರದ ಶೆಡ್ಡನ್ನು 1962ರಲ್ಲಿ ಅಲ್ಲಿಗೆ ತಂದು ನಿಲ್ಲಿಸಿದ್ದಾರೆ. ಮ್ಯೂಸಿಯಂ ಒಳಗೆ 1917ರ ಹಲಗೆಗಳಿದ್ದರೆ ಅವುಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ಆ ವಸಂತದಲ್ಲಿ ದಿನಕ್ಕೊಂದರ ಹಾಗೆ ಬರೆದು, ಹಿಮ ಕರಗುವುದನ್ನು ದಿನದಿನವೂ ಹಿಡಿದಿಟ್ಟಿದ್ದ ಅಂತ ಪಾರ್ಕಿನ ರೇಂಜರ್ ಮಾರ್ಕ್ ರಾಬಿನ್ಸನ್ ನೆನಪಿಸಿಕೊಂಡಿದ್ದಾರೆ.