ಐದು ತಿಂಗಳು ಬಿಟ್ಟಿದ್ದ ಸಿಗರೇಟು ಮತ್ತೆ ಹತ್ತಿತು

ಪ್ರಶ್ನೆ: ನನಗೆ 44 ವರ್ಷ, ಕೊಬ್ಬರಿ ವ್ಯಾಪಾರ ಮಾಡುತ್ತೇನೆ. ಇಪ್ಪತ್ತು ವರ್ಷಗಳಿಂದ ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುತ್ತಿದ್ದವನು ಕಳೆದ ಯುಗಾದಿಯಂದು ಬಿಟ್ಟೆ. ಐದು ತಿಂಗಳು ಮುಟ್ಟಲಿಲ್ಲ. ಅಣ್ಣನ ಮಗಳ ಮದುವೆಯಲ್ಲಿ ಊಟ ಮುಗಿಸಿ ಛತ್ರದ ಹಿಂದೆ ನಿಂತಿದ್ದಾಗ ಸ್ನೇಹಿತರು ಕೊಟ್ಟ ಒಂದು ಸಿಗರೇಟು ಸೇದಿದೆ. ಹೇಗೂ ವ್ರತ ಕೆಟ್ಟಿತಲ್ಲ ಎಂದು ಮರುದಿನ ಪ್ಯಾಕೇ ಕೊಂಡೆ. ಈಗ ಮೊದಲಿನಷ್ಟೇ ಸೇದುತ್ತಿದ್ದೇನೆ. ಹೆಂಡತಿ ನನ್ನ ಮಾತು ನಂಬುವುದಿಲ್ಲ, ರಾತ್ರಿ ಅಂಗಿ ಮೂಸಿ ನೋಡುತ್ತಾಳೆ. ನನ್ನ ಮನಸ್ಸು ಅಷ್ಟು ದುರ್ಬಲವೇ? ಮತ್ತೆ ಬಿಡುವುದಾದರೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಲೇ, ಒಮ್ಮೆಗೇ ಬಿಡಲೇ? ನಿಕೋಟಿನ್ ಗಮ್ ತಗೊಂಡರೆ ಅದೇ ಇನ್ನೊಂದು ಚಟವಾಗುವುದಿಲ್ಲವೇ?
— ಹೆಸರು ಬೇಡ, ತಿಪಟೂರು

ಉತ್ತರ: ಐದು ತಿಂಗಳು ಸಿಗರೇಟಿಲ್ಲದೆ ಸಂತೆ, ಮಂಡಿ, ಮನೆ ಎಲ್ಲವನ್ನೂ ನಿಭಾಯಿಸಿದ ಮನಸ್ಸನ್ನು ದುರ್ಬಲ ಎನ್ನಲು ನಾನು ಒಪ್ಪುವುದಿಲ್ಲ. ನೀವು ಸೋತದ್ದು ಎಲ್ಲಿ ಎಂಬುದನ್ನು ಮಾತ್ರ ಸರಿಯಾಗಿ ಗುರುತಿಸಬೇಕು.

ಸೇದಬೇಕೆಂಬ ತುಡಿತದಲ್ಲಿ ಎರಡು ಬಗೆಯಿದೆ. ಮೊದಲನೆಯದು ದೇಹದ್ದು. ಹೊಗೆಯಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ, ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ; ಆದ್ದರಿಂದಲೇ ದಿನಕ್ಕೆ ಹನ್ನೆರಡು ಸೇದುವವರ ದೇಹ ಗಂಟೆ, ಒಂದೂವರೆ ಗಂಟೆಗೊಮ್ಮೆ ಅದನ್ನು ಕೇಳುತ್ತದೆ. ಬಿಟ್ಟ ಮೇಲೆ ಸಿಡುಕು, ನಿದ್ದೆಗೇಡು, ಹಸಿವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ಎರಡು ಮೂರನೆಯ ದಿನ ತೀವ್ರವಾಗಿದ್ದು, ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ತಣ್ಣಗಾಗುತ್ತವೆ. ಈ ಘಟ್ಟವನ್ನು ನೀವು ದಾಟಿಯಾಗಿತ್ತು. ಛತ್ರದ ಹಿಂದೆ ನಿಮ್ಮನ್ನು ಹಿಡಿದದ್ದು ಎರಡನೆಯದು, ನೆನಪಿನ ತುಡಿತ. ಹೊಟ್ಟೆತುಂಬ ಊಟ, ಹಳೆಯ ಸ್ನೇಹಿತರು, ಯಾರೋ ಕಡ್ಡಿ ಗೀರಿದ ಸದ್ದು ಇವು ಇಪ್ಪತ್ತು ವರ್ಷ ಸಿಗರೇಟಿನ ಜೊತೆಗೇ ಹೆಣೆದುಕೊಂಡು ಬಂದಿವೆ. ಇಂಥ ತುಡಿತ ಆರು ತಿಂಗಳಿಗೂ ಬರಬಹುದು, ವರ್ಷಕ್ಕೂ ಬರಬಹುದು, ಆದರೆ ಹೆಚ್ಚಾಗಿ ಐದು ಹತ್ತು ನಿಮಿಷ ಕಾಡಿ ಹೋಗಿಬಿಡುತ್ತದೆ. ಅಷ್ಟು ಹೊತ್ತು ಆ ಜಾಗ ಬಿಟ್ಟು ಹೊರಟು, ನೀರು ಕುಡಿದು, ಯಾರೊಡನೆಯಾದರೂ ಮಾತಿಗೆ ನಿಂತರೆ ಸಾಕು. ಆ ಹೊತ್ತಿನಲ್ಲಿ ಯೋಚಿಸುವುದು ಕಷ್ಟ. ಮುಂದಿನ ಮದುವೆಗೆ ಹೊರಡುವ ಮೊದಲೇ, ಊಟವಾದ ಮೇಲೆ ಯಾರ ಪಕ್ಕ ಕೂರುವಿರಿ, ಸಿಗರೇಟು ಚಾಚಿದವರಿಗೆ ಏನು ಹೇಳುವಿರಿ ಎಂಬುದನ್ನು ತೀರ್ಮಾನಿಸಿಕೊಂಡು ಹೋಗಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಆ ಒಂದು ಸಿಗರೇಟಲ್ಲ, ಮರುದಿನದ ಪ್ಯಾಕು. ಇವೆರಡರ ನಡುವೆ ಒಂದು ಇಡೀ ರಾತ್ರಿಯಿತ್ತು, ಆ ರಾತ್ರಿ ನಿಮ್ಮ ದೇಹವೇನೂ ಸಿಗರೇಟು ಕೇಳಿರಲಾರದು. ‘ವ್ರತ ಕೆಟ್ಟಿತು’ ಎಂಬ ಮಾತೇ ನಿಮ್ಮನ್ನು ಅಂಗಡಿಗೆ ಕರೆದೊಯ್ದಿತು. ಸಿಗರೇಟು ಬಿಡುವುದು ವ್ರತವಲ್ಲ, ಒಮ್ಮೆ ಭಂಗವಾದರೆ ಮೊದಲಿನಿಂದ ಆರಂಭಿಸಬೇಕೆಂಬ ನಿಯಮ ಅದಕ್ಕಿಲ್ಲ. ಇನ್ನೆಂದಾದರೂ ಜಾರಿದರೆ, ಕೈಯಲ್ಲಿರುವುದನ್ನು ಅಲ್ಲೇ ಆರಿಸಿ; ಯಾವ ಹೊತ್ತು, ಯಾವ ಜಾಗ, ಯಾರ ಜೊತೆ ಎಂಬುದನ್ನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ; ಬಿಟ್ಟ ದಿನಗಳ ಎಣಿಕೆಯನ್ನು ಸೊನ್ನೆಗೆ ತರದೆ ಮುಂದುವರಿಸಿ. ಇಂದು ಪೂರ್ತಿಯಾಗಿ ಬಿಟ್ಟಿರುವವರಲ್ಲಿ ಬಹುಪಾಲು ಜನ ಮೊದಲ ಪ್ರಯತ್ನದಲ್ಲೇ ಬಿಟ್ಟವರಲ್ಲ.

ಒಮ್ಮೆಗೇ ಬಿಡುವುದು ಮೇಲು. ಕಡಿಮೆ ಮಾಡುತ್ತ ಹೋಗುವವರು ಉಳಿದ ಸಿಗರೇಟುಗಳನ್ನೇ ಹೆಚ್ಚು ಆಳವಾಗಿ ಎಳೆದು ನಿಕೋಟಿನ್ ಸರಿದೂಗಿಸಿಕೊಳ್ಳುತ್ತಾರೆ. ಎರಡು ವಾರದೊಳಗೆ ಒಂದು ದಿನ ಗೊತ್ತುಮಾಡಿ, ಹಿಂದಿನ ರಾತ್ರಿ ಅಂಗಡಿ, ಗಾಡಿ, ಮನೆಯಲ್ಲಿರುವ ಪ್ಯಾಕು, ಲೈಟರುಗಳನ್ನು ತೆಗೆದುಹಾಕಿ.

ಗಮ್ ಬಗ್ಗೆ ನಿಮಗಿರುವ ಅಂಜಿಕೆ ಬಹಳ ಜನಕ್ಕಿದೆ. ಗಮ್‌ನ ನಿಕೋಟಿನ್ ಬಾಯಿಯ ಒಳಪದರದಿಂದ ನಿಧಾನವಾಗಿ ಇಳಿಯುವುದರಿಂದ ಹೊಗೆಯಂತೆ ಥಟ್ಟನೆ ತಲೆಗೇರುವುದಿಲ್ಲ, ಅದರಲ್ಲಿ ಟಾರ್ ಆಗಲಿ ಕಾರ್ಬನ್ ಮಾನಾಕ್ಸೈಡ್ ಆಗಲಿ ಇಲ್ಲ. ಹಾಗಾಗಿ ಅದು ಚಟವಾಗುವ ಸಂಭವ ಸಿಗರೇಟಿಗಿಂತ ತೀರಾ ಕಡಿಮೆ. ಆದರೆ ಅದನ್ನು ಬಬಲ್‌ಗಮ್‌ನಂತೆ ಅಗಿಯಬಾರದು. ನಿಧಾನವಾಗಿ ಅಗಿದು, ನಾಲಿಗೆಗೆ ಮೆಣಸಿನಂಥ ಚುರುಕು ತಾಗಿದೊಡನೆ ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ಬೆರೆತ ಜೊಲ್ಲನ್ನು ನುಂಗುತ್ತ ಹೋದರೆ ಬಿಕ್ಕಳಿಕೆ, ಎದೆಯುರಿ ಬರುತ್ತವೆ. ಗಮ್‌ಗೆ ಹದಿನೈದು ನಿಮಿಷ ಮುಂಚೆ ಮತ್ತು ಬಾಯಲ್ಲಿರುವಾಗ ಕಾಫಿ, ಟೀ ಬೇಡ, ಏಕೆಂದರೆ ಆಗ ನಿಕೋಟಿನ್ ಸರಿಯಾಗಿ ಇಳಿಯುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನಿಸುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ; 12 ವಾರಗಳಲ್ಲಿ ಕ್ರಮೇಣ ಇಳಿಸಬೇಕು. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ಆದರೆ ವೈದ್ಯರು ನೋಡಿಯೇ ಬರೆಯಬೇಕು. ಫಿಟ್ಸ್ ಬಂದಿದ್ದವರು ಬುಪ್ರೊಪಿಯಾನ್ ತೆಗೆದುಕೊಳ್ಳಬಾರದು.

ಕಾಫಿಯ ಬಗ್ಗೆ ಇನ್ನೊಂದು ಮಾತು. ಸಿಗರೇಟಿನ ಹೊಗೆಯಿಂದ ಪಿತ್ತಜನಕಾಂಗವು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ; ಬಿಟ್ಟೊಡನೆ ಆ ವೇಗ ಇಳಿಯುವುದರಿಂದ ಎಂದಿನ ನಾಲ್ಕು ಲೋಟವೇ ಹೆಚ್ಚಾಗಿ, ಕೈ ನಡುಕ, ನಿದ್ದೆಗೇಡು ಬರುತ್ತವೆ. ಅದನ್ನೂ ಸಿಗರೇಟಿಲ್ಲದ ಸಂಕಟವೆಂದೇ ತಿಳಿದು ಮತ್ತೆ ಸೇದಲು ಹೋಗುವವರುಂಟು. ಮೊದಲ ಕೆಲವು ವಾರ ಕಾಫಿಯನ್ನು ಅರ್ಧಕ್ಕೆ ಇಳಿಸಿ.

ನೀವು ಕೊಳ್ಳುವ ಪ್ಯಾಕಿನ ಮೇಲೆಯೇ 1800-11-2356 ಎಂಬ ಶುಲ್ಕರಹಿತ ಸಂಖ್ಯೆ ಅಚ್ಚಾಗಿರುತ್ತದೆ. ಅದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಅದರ ಕೇಂದ್ರವಿದ್ದು, ಕನ್ನಡದಲ್ಲೇ ಮಾತನಾಡಬಹುದು. ಬಿಡುವ ದಿನ ಗೊತ್ತುಮಾಡುವ ಮೊದಲೇ ಕರೆ ಮಾಡಿ.

ನಿಮ್ಮ ಪತ್ನಿ ಅಂಗಿ ಮೂಸಿ ನೋಡುವುದು ಅವಮಾನವೆನಿಸುವುದು ಸಹಜ, ಆದರೆ ಆಕೆಗೆ ಬೇರೆ ದಾರಿಯನ್ನು ನೀವೇ ಕೊಡಬೇಕು. ಜಾರಿದ ದಿನ ಅದೇ ರಾತ್ರಿ ನಾನಾಗಿಯೇ ಹೇಳುತ್ತೇನೆ, ಹೇಳಿದಾಗ ಬೈಯದೆ ಕೇಳಿಸಿಕೋ ಎಂದು ಮಾತಾಡಿಕೊಳ್ಳಿ. ಈ ಪತ್ರವನ್ನು ಆಕೆಗೆ ತೋರಿಸಿ, ಬಿಡುವ ದಿನವನ್ನು ಇಬ್ಬರೂ ಕೂತು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.