ಮನೆಯಲ್ಲೇ ಎಲೆಕ್ಟ್ರಿಕ್ ಕ್ರೂಸರ್ ಸೈಕಲ್ ಕಟ್ಟುತ್ತಿದ್ದೇನೆ, 1000 ವ್ಯಾಟ್ ಮೋಟಾರು ಸಾಕೇ?

ನಾಲ್ಕು ವರ್ಷಗಳ ಹಿಂದೆ ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹಳೆಯ ಕ್ರೂಸರ್ ಸೈಕಲ್ಲೊಂದನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ನಾನೂ ಇದನ್ನೇ ಕೇಳುತ್ತಿದ್ದೆ: 250 ವ್ಯಾಟ್ ಸಾಕೇ, 1000 ಬೇಕೇ? ಅಗಲವಾದ ಹ್ಯಾಂಡಲ್, ಬಾಗಿದ ಕೊಳವೆಗಳು, 1933ರಲ್ಲಿ ಅಮೆರಿಕದ ಶ್ವಿನ್ ಕಂಪನಿ ತಂದ 2.125 ಇಂಚಿನ ಬಲೂನ್ ಟೈರು, ಇವುಗಳ ಮೇಲೆ ನನಗೆ ಇಂದಿಗೂ ಮೋಹವಿದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಎರಡು ಬಾರಿ ಹೋಗಿ ವೈರು, ಕನೆಕ್ಟರು ಆರಿಸಿ ತಂದೆ. ಬ್ಯಾಟರಿಯ ಬಗ್ಗೆ ವಾರಗಟ್ಟಲೆ ಓದಿದೆ. ಮೋಟಾರಿನ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ಫ್ರೇಮಿನಲ್ಲಿ ಹೇಗೆ ಕೂರುತ್ತದೆ ಎಂಬುದನ್ನು ಮಾತ್ರ ಓದಲಿಲ್ಲ.

ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಸಾಮಾನ್ಯ ಸೈಕಲ್ಲಿನ ಆಕ್ಸಲ್ ಭಾರ ಹೊರುತ್ತದೆ ಅಷ್ಟೆ. ಚಕ್ರ ಬೇರಿಂಗಿನ ಮೇಲೆ ತಿರುಗುವುದರಿಂದ ಆಕ್ಸಲ್ಲನ್ನು ತಿರುಚುವ ಬಲ ಇಲ್ಲವೆಂದೇ ಹೇಳಬಹುದು. ಚಕ್ರದ ನಡುವಿನಲ್ಲೇ ಕೂರುವ ಹಬ್ ಮೋಟಾರು ಹಾಗಲ್ಲ. ಅದು ಚಕ್ರವನ್ನು ಎಷ್ಟು ಬಲವಾಗಿ ಮುಂದಕ್ಕೆ ತಿರುಗಿಸುತ್ತದೆಯೋ ಅಷ್ಟೇ ಬಲವಾಗಿ ಅದರ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆದು ಹಿಡಿಯಬೇಕಾದದ್ದು ಫ್ರೇಮಿನ ತುದಿಯ ಕಚ್ಚು, ಅಂದರೆ ಡ್ರಾಪ್‌ಔಟ್. ನನ್ನ ಮೋಟಾರಿನ ತಿರುಚುಬಲ 40 ನ್ಯೂಟನ್ ಮೀಟರ್. ಆಕ್ಸಲ್ಲಿನ ಚಪ್ಪಟೆ ಬದಿಗಳ ನಡುವಿನ ಅಗಲ 10 ಮಿ.ಮೀ. ಆ ಪುಟ್ಟ ಅಗಲದಲ್ಲಿ ಅಷ್ಟನ್ನು ತಡೆಯಬೇಕೆಂದರೆ ಅಂಚುಗಳ ಮೇಲೆ ಬೀಳುವ ಒತ್ತಡ ಸುಮಾರು 400 ಕೆ.ಜಿ. ತೂಕದಷ್ಟಾಗುತ್ತದೆ; ಎಡ ಬಲದ ಕಚ್ಚುಗಳು ಸಮನಾಗಿ ಹಂಚಿಕೊಂಡರೂ ತಲಾ 200. ನನ್ನ ಫ್ರೇಮಿನ ಕಚ್ಚು ಕೊಂಚ ಕಿರಿದಾಗಿತ್ತು. ಅರ ಹಿಡಿದು ಉಜ್ಜುತ್ತಾ ಹೋದೆ, ಎಡಗಡೆ ಅಗತ್ಯಕ್ಕಿಂತ ಹೆಚ್ಚು ಉಜ್ಜಿಹೋಯಿತು. ಆಕ್ಸಲ್ ಕೂರಿಸಿ ಬೆರಳಿನಿಂದ ಅಲುಗಿಸಿದಾಗ ಕಟಕಟ ಎಂಬ ಸಣ್ಣ ಸದ್ದು ಕೇಳಿಸಿತು. ನಟ್ಟನ್ನು ಬಲವಾಗಿ ಬಿಗಿದರೆ ಸರಿಹೋಗುತ್ತದೆ ಎಂದುಕೊಂಡೆ. ನಟ್ಟು ಆಕ್ಸಲ್ಲನ್ನು ಒತ್ತಿ ಹಿಡಿಯುತ್ತದೆಯೇ ಹೊರತು, ಸಡಿಲವಾದ ಕಚ್ಚಿನಲ್ಲಿ ಅದು ತಿರುಗದಂತೆ ಕಾಯುವುದಿಲ್ಲ.

ಹನ್ನೊಂದನೆಯ ದಿನ, ಚಾಮುಂಡಿ ಬೆಟ್ಟದ ರಸ್ತೆಯ ಏರಿನಲ್ಲಿ ಥ್ರಾಟಲ್ ತಿರುಗಿಸಿದಾಗ ಹಿಂದಿನಿಂದ ಟಕ್ ಎಂದಿತು. ಆಕ್ಸಲ್ ಕಚ್ಚಿನೊಳಗೇ ಒಂದು ಸುತ್ತು ತಿರುಗಿ, ಅದರ ಟೊಳ್ಳಿನಿಂದ ಹೊರಬರುವ ವೈರಿನ ಕಟ್ಟನ್ನು ತನಗೇ ಸುತ್ತಿಕೊಂಡು ಹರಿದಿತ್ತು. ಮೋಟಾರಿಗೆ ವಿದ್ಯುತ್ ಒಯ್ಯುವ ಹಳದಿ, ಹಸಿರು, ನೀಲಿಯ ಮೂರು ದಪ್ಪ ವೈರುಗಳು, ಚಕ್ರ ಎಲ್ಲಿಯವರೆಗೆ ತಿರುಗಿದೆ ಎಂದು ತಿಳಿಸುವ ಹಾಲ್ ಸೆನ್ಸರಿನ ತೆಳು ವೈರುಗಳಿಗೆ ತಾಗಿ, ಮೋಟಾರನ್ನು ನಡೆಸುವ ಕಂಟ್ರೋಲರೂ ಸೆನ್ಸರುಗಳೂ ಒಟ್ಟಿಗೆ ಸುಟ್ಟವು. ಹಿಂದೆ ಬಸ್ಸು ಬರುತ್ತಿರಲಿಲ್ಲ. ಅದು ನನ್ನ ಪುಣ್ಯ.

ಇದನ್ನು ತಪ್ಪಿಸಲು ಬೇಕಾಗಿದ್ದದ್ದು ಟಾರ್ಕ್ ಆರ್ಮ್ ಎಂಬ ಒಂದು ಉಕ್ಕಿನ ಪಟ್ಟಿ. ಅದರ ಒಂದು ತುದಿ ಆಕ್ಸಲ್ಲಿನ ಚಪ್ಪಟೆ ಭಾಗವನ್ನು ಹಿಡಿಯುತ್ತದೆ, ಇನ್ನೊಂದನ್ನು ಫ್ರೇಮಿನ ಕೊಳವೆಗೆ ಬಿಗಿಯುತ್ತಾರೆ. ಪಟ್ಟಿ 10 ಸೆಂ.ಮೀ. ಉದ್ದವಿದ್ದರೆ ಆ 400 ಕೆ.ಜಿ. ಒತ್ತಡ ಕೊಳವೆಯ ಬಳಿ 40 ಕೆ.ಜಿ.ಗೆ ಇಳಿಯುತ್ತದೆ. ಈಗ ನನ್ನ ಸೈಕಲ್ಲಿನ ಎರಡೂ ಬದಿಗೆ ಒಂದೊಂದಿದೆ.

ಹಾಗಾಗಿ ಎಷ್ಟು ವ್ಯಾಟ್ ಎಂಬಲ್ಲಿಂದ ಶುರುಮಾಡುವುದೇ ತಪ್ಪೆಂದು ನನ್ನ ಅಭಿಪ್ರಾಯ. ಮೊದಲು ಫ್ರೇಮು, ಆಮೇಲೆ ಬ್ರೇಕು, ಮೋಟಾರು ಕೊನೆಗೆ. ಉಕ್ಕಿನ ಫ್ರೇಮನ್ನೇ ಹುಡುಕಿ. ಅಲ್ಯೂಮಿನಿಯಂ ಕಚ್ಚು ಬಾಗುವುದಕ್ಕಿಂತ ಸೀಳಿಹೋಗುವುದೇ ಹೆಚ್ಚು. 1000 ವ್ಯಾಟನ್ನಂತೂ ಬಿಟ್ಟುಬಿಡಿ. ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ನೋಂದಣಿಯಿಲ್ಲದೆ ಓಡಿಸಲು ವಿನಾಯಿತಿ ಇರುವುದು 250 ವ್ಯಾಟ್ ಹಾಗೂ ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಗಾಡಿಗಳಿಗೆ, ಮನೆಯಲ್ಲಿ ಕಟ್ಟಿದ 1000 ವ್ಯಾಟಿನ ಗಾಡಿ ಅಪಘಾತಕ್ಕೆ ಸಿಕ್ಕಿದರೆ ನಿಮ್ಮ ಪರ ನಿಲ್ಲುವ ಒಂದು ಕಾಗದವೂ ಇರುವುದಿಲ್ಲ. ಬ್ಯಾಟರಿಯನ್ನು ಬಿಎಂಎಸ್, ಅಂದರೆ ಅದರ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್, ಸಹಿತ ಸಿದ್ಧವಾಗಿಯೇ ಕೊಳ್ಳಿ, ಸೆಲ್ಲುಗಳಿಗೆ ಮನೆಯಲ್ಲಿ ಬೆಸುಗೆ ಹಾಕಬೇಡಿ. 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಪೆಡಲ್ ತುಳಿಯುತ್ತಾ ನಾನು 30 ಕಿ.ಮೀ. ಹೋಗಿ ಬರುತ್ತೇನೆ.

ಚಕ್ರ ಕೂರಿಸಿದ ಮೇಲೆ ನಟ್ಟಿನಿಂದ ಫ್ರೇಮಿನವರೆಗೆ, ಹಾಗೆಯೇ ಆಕ್ಸಲ್ಲಿನ ತುದಿಗೂ ಬಿಳಿ ಮಾರ್ಕರಿನಿಂದ ಒಂದೇ ನೇರ ಗೆರೆ ಎಳೆಯಿರಿ. ಮೊದಲ 10 ಕಿ.ಮೀ. ಆದಮೇಲೆ ಇಳಿದು ನೋಡಿ. ಗೆರೆ ಕೂದಲೆಳೆಯಷ್ಟು ಜರುಗಿದ್ದರೂ ಮೋಟಾರಿನ ಕನೆಕ್ಟರ್ ಕಳಚಿ, ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬನ್ನಿ.